‘ಇದು ಬಿಲ್ ಅಲ್ಲ’ ಎಂದ ಮೇಲೂ ಬಂದ ಬಿಲ್

ತಿಂಗಳು ತಪ್ಪದೆ ಪ್ರೀಮಿಯಂ ಕಟ್ಟಿದ್ದಾರೆ. ಪಟ್ಟಿ ನೋಡಿಕೊಂಡೇ ‘ನೆಟ್‌ವರ್ಕ್’ ಆಸ್ಪತ್ರೆಗೆ ಹೋಗಿದ್ದಾರೆ. ಆದರೂ ಮುಖವನ್ನೇ ನೋಡಿರದ ವೈದ್ಯರೊಬ್ಬರ ಬಿಲ್ ಮನೆ ಬಾಗಿಲಿಗೆ ಬರುತ್ತದೆ. ಅಮೆರಿಕದ ‘ಸರ್‌ಪ್ರೈಸ್ ಬಿಲ್’ ಹುಟ್ಟಿದ್ದು ಹೇಗೆ? ಅದಕ್ಕೆ ಕಾನೂನು ಹಾಕಿದ ಬೇಲಿಯಲ್ಲಿ ಕಂಡಿ ಬಿಟ್ಟಿರುವುದು ಎಲ್ಲಿ?

ಅಮೆರಿಕದಲ್ಲಿ ಆಪರೇಷನ್ ಮುಗಿಸಿಕೊಂಡು ಮನೆ ಸೇರಿದವರಿಗೆ ಮೊದಲು ಬರುವುದು ವಿಮಾ ಕಂಪನಿಯ ಲಕೋಟೆ. ಒಳಗೊಂದು ಹಾಳೆ, ಅದರಲ್ಲಿ ನಾಲ್ಕೈದು ಅಂಕಣ: ಆಸ್ಪತ್ರೆ ಕೇಳಿದ್ದೆಷ್ಟು, ಕಂಪನಿ ಒಪ್ಪಿದ್ದೆಷ್ಟು, ಕೊಟ್ಟಿದ್ದೆಷ್ಟು, ರೋಗಿಯ ಪಾಲಿಗೆ ಉಳಿದಿದ್ದೆಷ್ಟು. ಜೊತೆಗೆ ದಪ್ಪಕ್ಷರದಲ್ಲಿ ಒಂದು ಸಾಲು: ‘ಇದು ಬಿಲ್ ಅಲ್ಲ’.

ಬಿಲ್ ಹಿಂದಿನಿಂದ ಬರುತ್ತದೆ. ಅದೂ ಒಂದಲ್ಲ. ಆಸ್ಪತ್ರೆಯದೊಂದು, ಸರ್ಜನ್‌ದೊಂದು, ಅರಿವಳಿಕೆ ಕೊಟ್ಟವರದೊಂದು, ಸ್ಕ್ಯಾನ್ ಓದಿ ವರದಿ ಬರೆದವರದೊಂದು.

2013ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಕುತ್ತಿಗೆಯ ಡಿಸ್ಕ್ ಆಪರೇಷನ್ ಮಾಡಿಸಿಕೊಂಡ ರೋಗಿಯೊಬ್ಬರು ಇದಕ್ಕೆಲ್ಲ ಸಿದ್ಧರಾಗಿಯೇ ಇದ್ದರು. ಆಸ್ಪತ್ರೆ 56,000 ಡಾಲರ್ ಕೇಳುತ್ತದೆ, ಅರಿವಳಿಕೆ ತಜ್ಞರು 4,300 ಡಾಲರ್ ಕೇಳುತ್ತಾರೆ ಎಂಬುದು ಅವರಿಗೆ ಅಚ್ಚರಿ ತರಲಿಲ್ಲ. ಮುಖ್ಯ ಸರ್ಜನ್ ವಿಮಾ ಕಂಪನಿಯ ಪಟ್ಟಿಯಲ್ಲಿದ್ದವರು. ಒಪ್ಪಂದದ ದರದಂತೆ ಅವರಿಗೆ ಸಿಕ್ಕಿದ್ದು ಸುಮಾರು 6,200 ಡಾಲರ್. ಆದರೆ ಆ ಮೇಜಿನ ಪಕ್ಕದಲ್ಲಿ ಇನ್ನೊಬ್ಬ ಸಹಾಯಕ ಸರ್ಜನ್ ನಿಂತಿದ್ದರು. ಅವರು ಪಟ್ಟಿಯಲ್ಲಿರಲಿಲ್ಲ. ರೋಗಿಗೆ ಅವರನ್ನು ಭೇಟಿಯಾದ ನೆನಪೂ ಇರಲಿಲ್ಲ. ಅವರ ಬಿಲ್ 1,17,000 ಡಾಲರ್.

2014ರ ಸೆಪ್ಟೆಂಬರ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಎಲಿಜಬೆತ್ ರೋಸೆಂತಾಲ್ ಈ ಪ್ರಕರಣವನ್ನು ವರದಿ ಮಾಡಿದಾಗ ಓದುಗರನ್ನು ಕುಟುಕಿದ್ದು ಮೊತ್ತಕ್ಕಿಂತ ಹೆಚ್ಚಾಗಿ ಅದರ ಲೆಕ್ಕ. ಚಾಕು ಹಿಡಿದ ಮುಖ್ಯ ವೈದ್ಯರಿಗೆ ಆರು ಸಾವಿರ, ಪಕ್ಕದಲ್ಲಿ ನಿಂತವರಿಗೆ ಒಂದು ಲಕ್ಷಕ್ಕೂ ಮೇಲೆ. ಇಬ್ಬರ ನಡುವಿನ ವ್ಯತ್ಯಾಸ ವಿದ್ಯೆಯದಲ್ಲ, ಅನುಭವದ್ದೂ ಅಲ್ಲ. ಒಬ್ಬರು ವಿಮಾ ಕಂಪನಿಯ ಜೊತೆ ಒಂದು ಕಾಗದಕ್ಕೆ ಸಹಿ ಹಾಕಿದ್ದರು, ಇನ್ನೊಬ್ಬರು ಹಾಕಿರಲಿಲ್ಲ.

ಒಂದೇ ಸೂರು, ಹತ್ತು ಅಂಗಡಿ

ಅಮೆರಿಕದ ಖಾಸಗಿ ಆರೋಗ್ಯ ವಿಮೆ ನಿಂತಿರುವುದೇ ಆ ಕಾಗದದ ಮೇಲೆ. ವಿಮಾ ಕಂಪನಿ ಕೆಲವು ಆಸ್ಪತ್ರೆ, ವೈದ್ಯರ ಜೊತೆ ದರ ಕುದುರಿಸುತ್ತದೆ. ‘ನೀವು ರಿಯಾಯಿತಿ ಕೊಡಿ, ನಾವು ರೋಗಿಗಳನ್ನು ಕಳಿಸುತ್ತೇವೆ’ ಎಂಬುದು ಒಪ್ಪಂದ. ಒಪ್ಪಿದವರು ನೆಟ್‌ವರ್ಕ್‌ನ ಒಳಗೆ, ಒಪ್ಪದವರು ಹೊರಗೆ. 1973ರಲ್ಲಿ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಎಚ್‌ಎಂಒ ಕಾಯ್ದೆ ಈ ಬಗೆಯ ವಿಮೆಗೆ ದಾರಿ ಮಾಡಿಕೊಟ್ಟಿತು. 1980ರ ದಶಕದಿಂದ ಪಿಪಿಒ ಎಂಬ ಕೊಂಚ ಸಡಿಲ ಮಾದರಿ ಹಬ್ಬಿತು: ಹೊರಗಿನ ವೈದ್ಯರ ಬಳಿಗೂ ಹೋಗಬಹುದು, ಆದರೆ ಜೇಬಿಗೆ ಹೆಚ್ಚು ಭಾರ.

ಇಷ್ಟಾದರೆ ತೊಂದರೆ ಇರಲಿಲ್ಲ. ಒಳಗಿನವರು ಯಾರು, ಹೊರಗಿನವರು ಯಾರು ಎಂದು ನೋಡಿ ಆರಿಸಿಕೊಂಡರೆ ಸಾಕಿತ್ತು. ಸಮಸ್ಯೆ ಇರುವುದು ಆಸ್ಪತ್ರೆಯ ಒಳರಚನೆಯಲ್ಲಿ. ಹೊರಗಿನಿಂದ ನೋಡಿದರೆ ಅದು ಒಂದು ಕಟ್ಟಡ, ಒಂದು ಬೋರ್ಡ್. ಒಳಗೆ ಮಾತ್ರ ಅದು ಮಾರ್ಕೆಟ್ಟಿನ ಸಂಕೀರ್ಣದಂತೆ: ಎಮರ್ಜೆನ್ಸಿ ವಿಭಾಗ ಒಂದು ವೈದ್ಯರ ಕಂಪನಿಯದು, ಅರಿವಳಿಕೆ ಇನ್ನೊಂದರದು, ಸ್ಕ್ಯಾನ್ ಓದುವವರು ಮತ್ತೊಂದರವರು. ಪ್ರತಿ ಅಂಗಡಿಯೂ ವಿಮಾ ಕಂಪನಿಯ ಜೊತೆ ಬೇರೆ ಬೇರೆಯಾಗಿ ಒಪ್ಪಂದ ಮಾಡಿಕೊಳ್ಳಬೇಕು. ಆಸ್ಪತ್ರೆ ನೆಟ್‌ವರ್ಕ್‌ನಲ್ಲಿದ್ದ ಮಾತ್ರಕ್ಕೆ ಒಳಗಿರುವವರೆಲ್ಲ ಇರಬೇಕೆಂದೇನೂ ಇಲ್ಲ.

ರೋಗಿ ಸರ್ಜನ್‌ರನ್ನು ವಿಚಾರಿಸಿ ಆರಿಸಬಹುದು. ಅರಿವಳಿಕೆ ತಜ್ಞರನ್ನು ಆರಿಸುವವರು ಯಾರು? ಬಯಾಪ್ಸಿಯ ತುಣುಕು ಯಾವ ಪೆಥಾಲಜಿಸ್ಟ್ ಕೈಗೆ ಹೋಗುತ್ತದೆ ಎಂದು ಕೇಳುವವರಾರು? ಅವಧಿಗೆ ಮುನ್ನ ಹುಟ್ಟಿದ ಮಗುವನ್ನು ಎತ್ತಿಕೊಂಡು ಓಡುವ ಶಿಶುತಜ್ಞರನ್ನು ತಡೆದು ‘ಡಾಕ್ಟ್ರೇ, ನೀವು ನಮ್ಮ ನೆಟ್‌ವರ್ಕಾ?’ ಎನ್ನುವ ತಾಯಿ ಇದ್ದಾಳೆಯೇ?

ಹೊರಗಿನ ವೈದ್ಯರ ಬಿಲ್ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಒಂದು ಕಾಲ್ಪನಿಕ ಲೆಕ್ಕ ಸಾಕು. ವೈದ್ಯರು 10,000 ಡಾಲರ್ ಕೇಳಿದರು ಎನ್ನಿ. ‘ಈ ಕೆಲಸಕ್ಕೆ 3,000 ಸಾಕು’ ಎಂದು ವಿಮಾ ಕಂಪನಿ ತೀರ್ಮಾನಿಸಿ, ಅದರಲ್ಲಿ 2,000 ಕೊಟ್ಟು, 1,000 ರೋಗಿಯ ಪಾಲು ಎನ್ನುತ್ತದೆ. ಒಪ್ಪಂದ ಇದ್ದ ವೈದ್ಯರಾದರೆ ಉಳಿದ 7,000ವನ್ನು ಬಿಟ್ಟುಬಿಡಬೇಕು. ಇಲ್ಲದವರು ಅದನ್ನೂ ರೋಗಿಗೇ ಕಳಿಸುತ್ತಾರೆ. ಇದಕ್ಕೆ ‘ಬ್ಯಾಲೆನ್ಸ್ ಬಿಲ್’ ಎಂದು ಹೆಸರು. ವರ್ಷಕ್ಕೆ ರೋಗಿಯ ಕೈಯಿಂದ ಇಷ್ಟೇ ಹೋಗಬೇಕು ಎಂದು ಪಾಲಿಸಿಯಲ್ಲಿ ಒಂದು ಮಿತಿ ಇರುತ್ತದಲ್ಲ, ಈ ಹಣ ಆ ಲೆಕ್ಕಕ್ಕೂ ಸೇರುತ್ತಿರಲಿಲ್ಲ.

‘3,000 ಸಾಕು’ ಎಂದು ಹೇಳುವವರ ತಕ್ಕಡಿಯೂ ನೆಟ್ಟಗಿರಲಿಲ್ಲ. ಹೊರಗಿನ ವೈದ್ಯರಿಗೆ ‘ವಾಡಿಕೆಯ ದರ’ ಎಷ್ಟು ಎಂದು ಹೇಳಲು ಬಹುತೇಕ ಕಂಪನಿಗಳು ಬಳಸುತ್ತಿದ್ದುದು ಇಂಜೆನಿಕ್ಸ್ ಎಂಬ ಸಂಸ್ಥೆಯ ದತ್ತಾಂಶ. ಆ ಸಂಸ್ಥೆಯ ಒಡೆಯ ಯಾರು? ದೇಶದ ದೊಡ್ಡ ವಿಮಾ ಕಂಪನಿಗಳಲ್ಲೊಂದಾದ ಯುನೈಟೆಡ್‌ಹೆಲ್ತ್. 2008ರಲ್ಲಿ ನ್ಯೂಯಾರ್ಕ್‌ನ ಅಟಾರ್ನಿ ಜನರಲ್ ಆಗಿದ್ದ ಆಂಡ್ರ್ಯೂ ಕ್ಯುಮೊ ಇದರ ತನಿಖೆಗೆ ಇಳಿದರು. ದರ ಕಡಿಮೆ ತೋರಿಸಿ ಹೊರೆಯನ್ನು ರೋಗಿಗಳ ಮೇಲೆ ಹೊರಿಸಲಾಗುತ್ತಿದೆ ಎಂಬುದು ಆರೋಪ. 2009ರ ಜನವರಿಯಲ್ಲಿ ಯುನೈಟೆಡ್‌ಹೆಲ್ತ್ 5 ಕೋಟಿ ಡಾಲರ್ ಕೊಟ್ಟು ರಾಜಿಗೆ ಬಂತು; ಆ ಹಣದಲ್ಲಿ ಫೇರ್ ಹೆಲ್ತ್ ಎಂಬ ಸ್ವತಂತ್ರ ದರಪಟ್ಟಿ ಸಂಸ್ಥೆ ಹುಟ್ಟಿತು. ವೈದ್ಯರ ಸಂಘ ಹೂಡಿದ್ದ ಇನ್ನೊಂದು ದಾವೆಯಲ್ಲಿ 35 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡಿತು. ಹಾಗಾಗಿ ಈ ಕಥೆಯಲ್ಲಿ ವೈದ್ಯರ ಕಂಪನಿಗಳನ್ನಷ್ಟೇ ಖಳರನ್ನಾಗಿಸಿದರೆ ಅರ್ಧ ಸತ್ಯವಾಗುತ್ತದೆ.

ಬಾಕ್ಸ್
ಒಂದು ಬಟ್ಟಲು ಮೂತ್ರಕ್ಕೆ 17,850 ಡಾಲರ್
ಟೆಕ್ಸಸ್‌ನ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಬೆನ್ನಿನ ಆಪರೇಷನ್ ನಂತರ ವೈದ್ಯರ ಕ್ಲಿನಿಕ್‌ಗೆ ಹೋದಾಗ, ಮೂತ್ರದ ಸ್ಯಾಂಪಲ್ ಕೊಟ್ಟು ಹೋಗುವಂತೆ ಹೇಳಿದರು. ಅದು ಹೋದದ್ದು ನೆಟ್‌ವರ್ಕ್‌ನಲ್ಲಿಲ್ಲದ ಲ್ಯಾಬ್‌ಗೆ. ಬಿಲ್ 17,850 ಡಾಲರ್. ನೆಟ್‌ವರ್ಕ್‌ನ ಲ್ಯಾಬ್ ಆಗಿದ್ದರೆ ಅದೇ ಪರೀಕ್ಷೆಗೆ ತಾನು ಕೊಡುತ್ತಿದ್ದುದು 100.92 ಡಾಲರ್ ಎಂದು ವಿಮಾ ಕಂಪನಿ ಹೇಳಿತು. ಸ್ವತಃ ವೈದ್ಯರಾದ ಆಕೆಯ ತಂದೆ 5,000 ಡಾಲರ್ ಕೊಟ್ಟು ಪ್ರಕರಣ ಮುಗಿಸಿದರು. ಕೈಸರ್ ಹೆಲ್ತ್ ನ್ಯೂಸ್ ಮತ್ತು ಎನ್‌ಪಿಆರ್ ರೇಡಿಯೊ 2018ರ ಫೆಬ್ರುವರಿಯಲ್ಲಿ ‘ಬಿಲ್ ಆಫ್ ದಿ ಮಂತ್’ ಸರಣಿ ಆರಂಭಿಸಿದ್ದು ಈ ಪ್ರಕರಣದಿಂದ.

ಒಪ್ಪಂದ ಇಲ್ಲದಿರುವುದೇ ಬಂಡವಾಳ

ಬಹಳ ಕಾಲ ಇವೆಲ್ಲ ಬಿಡಿ ಪ್ರಕರಣ, ಯಾರದೋ ದುರದೃಷ್ಟ ಎಂದೇ ಜನ ತಿಳಿದಿದ್ದರು. 2016ರ ನವೆಂಬರ್‌ನಲ್ಲಿ ಯೇಲ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರಾದ ಝಾಕ್ ಕೂಪರ್ ಮತ್ತು ಫಿಯೊನಾ ಸ್ಕಾಟ್ ಮಾರ್ಟನ್ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟಿಸಿದ ಲೆಕ್ಕ ಆ ನಂಬಿಕೆಯನ್ನು ಕೆಡವಿತು. ನೆಟ್‌ವರ್ಕ್ ಆಸ್ಪತ್ರೆಯ ಎಮರ್ಜೆನ್ಸಿಗೇ ಹೋದವರಲ್ಲಿ ಶೇ 22ರಷ್ಟು ಮಂದಿಗೆ ಚಿಕಿತ್ಸೆ ಕೊಟ್ಟ ವೈದ್ಯರು ನೆಟ್‌ವರ್ಕ್‌ನ ಹೊರಗಿನವರಾಗಿದ್ದರು. ಈ ಪ್ರಮಾಣ ಎಲ್ಲ ಕಡೆ ಸಮನಾಗಿಯೂ ಇರಲಿಲ್ಲ. ಕೆಲವು ಆಸ್ಪತ್ರೆಗಳಲ್ಲಿ ಇಂಥ ಬಿಲ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಕೆಲವದರಲ್ಲಿ ಅದೇ ದಿನನಿತ್ಯದ ವ್ಯವಹಾರ.

ಎಮರ್ಜೆನ್ಸಿ ವೈದ್ಯರ ವ್ಯಾಪಾರದ ತರ್ಕ ನೋಡಿದರೆ ಇದು ಅರ್ಥವಾಗುತ್ತದೆ. ಬೇರೆ ವೈದ್ಯರು ನೆಟ್‌ವರ್ಕ್ ಬಿಟ್ಟರೆ ರೋಗಿಗಳು ಬರುವುದಿಲ್ಲ. ಎಮರ್ಜೆನ್ಸಿಯಲ್ಲಿ ಕುಳಿತವರಿಗೆ ಆ ಭಯವಿಲ್ಲ. ಎದೆ ಹಿಡಿದುಕೊಂಡು ಬಂದವರು ಬಂದೇ ಬರುತ್ತಾರೆ. ಹಣದ ಮಾತೆತ್ತದೆ ಅವರನ್ನು ಪರೀಕ್ಷಿಸಿ ಸ್ಥಿರಗೊಳಿಸಬೇಕೆಂದು 1986ರ ಕಾನೂನೂ ಹೇಳುತ್ತದೆ. ಅಂದಮೇಲೆ ರಿಯಾಯಿತಿ ಕೊಟ್ಟು ಒಳಗೆ ಬರುವುದೇಕೆ? ಹೊರಗಿದ್ದರೆ ಪೂರ್ತಿ ದರ ಕೇಳಬಹುದು. ಒಳಗೆ ಬರಲೇಬೇಕೆಂದು ಕಂಪನಿ ಗೋಗರೆದರೆ, ‘ಹೊರಗೇ ಇರುತ್ತೇವೆ’ ಎಂಬ ಬೆದರಿಕೆಯಿಂದಲೇ ದರ ಏರಿಸಿಕೊಳ್ಳಬಹುದು. ರೋಗಿಯ ಮನೆಗೆ ಹೋಗುವ ಬಿಲ್ ಈ ಚೌಕಾಸಿಯ ಆಯುಧ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಇಲ್ಲಿ ಜಗಳ ಗೆಲ್ಲುವುದಕ್ಕೆ ಕೂಸನ್ನೇ ಮುಂದೆ ನಿಲ್ಲಿಸಿದ್ದರು.

ಇದರ ವಾಸನೆ ದೊಡ್ಡ ಬಂಡವಾಳಕ್ಕೂ ಬಡಿಯಿತು. ದೇಶದುದ್ದಕ್ಕೂ ಆಸ್ಪತ್ರೆಗಳಿಗೆ ಎಮರ್ಜೆನ್ಸಿ ವೈದ್ಯರನ್ನು ಒದಗಿಸುತ್ತಿದ್ದ ಟೀಮ್‌ಹೆಲ್ತ್ ಅನ್ನು ಬ್ಲ್ಯಾಕ್‌ಸ್ಟೋನ್ ಎಂಬ ಹೂಡಿಕೆ ಸಂಸ್ಥೆ 2017ರಲ್ಲಿ ಸುಮಾರು 600 ಕೋಟಿ ಡಾಲರ್‌ಗೆ ಕೊಂಡಿತು. 2018ರಲ್ಲಿ ಕೆಕೆಆರ್ ಎಂಬ ಇನ್ನೊಂದು ಹೂಡಿಕೆ ಸಂಸ್ಥೆ, ಅಂಥದ್ದೇ ಕೆಲಸ ಮಾಡುವ ಎನ್ವಿಷನ್ ಹೆಲ್ತ್‌ಕೇರ್ ಅನ್ನು ಸಾಲವೂ ಸೇರಿ 990 ಕೋಟಿ ಡಾಲರ್‌ಗೆ ಕೊಂಡಿತು. 2019ರ ಬೇಸಿಗೆಯಲ್ಲಿ ಸರ್‌ಪ್ರೈಸ್ ಬಿಲ್‌ಗೆ ಕಡಿವಾಣ ಹಾಕಲು ಸಂಸತ್ತು ಹೊರಟಾಗ ಟಿವಿ ತುಂಬ ಜಾಹೀರಾತುಗಳು ಕಾಣಿಸಿಕೊಂಡವು: ಸರ್ಕಾರ ದರ ಕಟ್ಟಿದರೆ ಆಸ್ಪತ್ರೆಗಳು ಮುಚ್ಚುತ್ತವೆ, ನಿಮ್ಮ ಸಂಸದರಿಗೆ ಫೋನ್ ಮಾಡಿ. ಜಾಹೀರಾತು ಕೊಟ್ಟವರ ಹೆಸರು ‘ಡಾಕ್ಟರ್ ಪೇಷೆಂಟ್ ಯೂನಿಟಿ’. ಕೇಳಿದರೆ ರೋಗಿಗಳ ಸಂಘವೇನೋ ಎನಿಸಬೇಕು. ಸುಮಾರು 2.8 ಕೋಟಿ ಡಾಲರ್ ಸುರಿದ ಈ ಸಂಘದ ಹಿಂದೆ ಇದ್ದದ್ದು ಟೀಮ್‌ಹೆಲ್ತ್ ಮತ್ತು ಎನ್ವಿಷನ್ ಎಂಬುದು ಸೆಪ್ಟೆಂಬರ್ ಹೊತ್ತಿಗೆ ಬಯಲಾಯಿತು.

ರಾಜ್ಯಗಳ ಕೈಗೆ ಎಟುಕದ್ದು

ಸಂಸತ್ತಿಗಿಂತ ಮೊದಲು ಕೆಲವು ರಾಜ್ಯಗಳು ಎಚ್ಚೆತ್ತಿದ್ದವು. ನ್ಯೂಯಾರ್ಕ್‌ನ ಕಾನೂನು 2015ರ ಮಾರ್ಚ್ 31ರಿಂದ, ಕ್ಯಾಲಿಫೋರ್ನಿಯಾದ್ದು 2017ರ ಜುಲೈನಿಂದ ಜಾರಿಗೆ ಬಂದವು. ಟೆಕ್ಸಸ್ 2020ರಲ್ಲಿ ಸೇರಿಕೊಂಡಿತು. ಆದರೆ ಅಮೆರಿಕದಲ್ಲಿ ದೊಡ್ಡ ಕಂಪನಿಗಳು ನೌಕರರ ಚಿಕಿತ್ಸೆಯ ಹಣವನ್ನು ತಾವೇ ಭರಿಸುತ್ತವೆ. ಹೆಸರಾಂತ ವಿಮಾ ಕಂಪನಿಯ ಕಾರ್ಡ್ ಕೈಯಲ್ಲಿದ್ದರೂ ಆ ಕಂಪನಿ ಮಾಡುವುದು ಕಾಗದಪತ್ರದ ಕೆಲಸವನ್ನಷ್ಟೇ. ಇಂಥ ಯೋಜನೆಗಳ ಮೇಲೆ 1974ರ ಎರಿಸಾ ಎಂಬ ಕೇಂದ್ರ ಕಾಯ್ದೆಯಿಂದಾಗಿ ರಾಜ್ಯಗಳ ವಿಮಾ ಕಾನೂನು ನಡೆಯದು. ಕಂಪನಿಯ ಮೂಲಕ ವಿಮೆ ಪಡೆದ ನೌಕರರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಈ ಗುಂಪಿನವರು. ರಾಜ್ಯ ಕೊಟ್ಟ ಕೊಡೆ ಇದ್ದರೂ ಅವರು ನೆನೆಯಬೇಕಾಯಿತು.

2010ರ ‘ಒಬಾಮಾಕೇರ್’ ಕೂಡ ಅರ್ಧ ದಾರಿಗೆ ನಿಂತಿತ್ತು. ತುರ್ತು ಚಿಕಿತ್ಸೆಗೆ ಹೊರಗಿನ ಆಸ್ಪತ್ರೆಗೆ ಹೋದರೂ ವಿಮಾ ಕಂಪನಿ ಒಳಗಿನವರಂತೆಯೇ ಪಾಲು ಹಾಕಬೇಕು ಎಂದ ಆ ಕಾನೂನು, ವೈದ್ಯರು ಬ್ಯಾಲೆನ್ಸ್ ಬಿಲ್ ಕಳಿಸಬಾರದು ಎನ್ನಲಿಲ್ಲ.

ಬಾಕ್ಸ್
ಆಕಾಶದ ದರ
ಹೆಲಿಕಾಪ್ಟರ್ ಆಂಬುಲೆನ್ಸ್ ದರಕ್ಕೆ ರಾಜ್ಯಗಳು ಕೈಹಾಕುವಂತಿರಲಿಲ್ಲ. 1978ರಲ್ಲಿ ವಿಮಾನ ಟಿಕೆಟ್ ದರಗಳನ್ನು ಸರ್ಕಾರದ ಹಿಡಿತದಿಂದ ಬಿಡಿಸಿದ ಕಾನೂನು ಇದಕ್ಕೂ ಅನ್ವಯವಾಯಿತು. ಕಾನೂನಿನ ಕಣ್ಣಲ್ಲಿ ಇದೂ ಒಂದು ವಿಮಾನಯಾನ! ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಕಚೇರಿಯ ವರದಿಯಂತೆ 2017ರಲ್ಲಿ ಒಂದು ಹೆಲಿಕಾಪ್ಟರ್ ಸಾಗಣೆಯ ಮಧ್ಯಮ ದರ ಸುಮಾರು 36,400 ಡಾಲರ್. ಖಾಸಗಿ ವಿಮೆ ಇದ್ದ ರೋಗಿಗಳ ಇಂಥ ಸಾಗಣೆಗಳಲ್ಲಿ ಸುಮಾರು ಶೇ 69 ನೆಟ್‌ವರ್ಕ್‌ನ ಹೊರಗಿದ್ದವು.

ಡಿಸೆಂಬರ್ 27ರ ಸಹಿ

2019ರ ಡಿಸೆಂಬರ್‌ನಲ್ಲಿ ಎರಡೂ ಪಕ್ಷಗಳ ನಾಯಕರು ಸೇರಿ ಮಾಡಿಕೊಂಡ ರಾಜಿ ಸೂತ್ರ ಕೊನೆಗಳಿಗೆಯಲ್ಲಿ ಮುರಿದುಬಿತ್ತು. ಒಂದು ವರ್ಷದ ನಂತರ ಕೋವಿಡ್ ಪರಿಹಾರವೂ ಇದ್ದ ಬೃಹತ್ ಬಜೆಟ್ ಮಸೂದೆಯೊಳಗೆ ಅದನ್ನು ಸೇರಿಸಿದರು. 2020ರ ಡಿಸೆಂಬರ್ 27ರಂದು ಅಧ್ಯಕ್ಷ ಟ್ರಂಪ್ ಸಹಿ ಬಿತ್ತು. ‘ನೋ ಸರ್‌ಪ್ರೈಸಸ್ ಆ್ಯಕ್ಟ್’ 2022ರ ಜನವರಿ 1ರಿಂದ ಜಾರಿಯಲ್ಲಿದೆ.

ಕಾನೂನಿನ ತಿರುಳು ಸರಳ. ತುರ್ತು ಚಿಕಿತ್ಸೆ ಎಲ್ಲಿ ಪಡೆದರೂ, ನೆಟ್‌ವರ್ಕ್ ಆಸ್ಪತ್ರೆಯಲ್ಲಿ ಹೊರಗಿನ ವೈದ್ಯರು ಮುಟ್ಟಿದರೂ, ಹೆಲಿಕಾಪ್ಟರ್‌ನಲ್ಲಿ ಸಾಗಿಸಿದರೂ ರೋಗಿ ಕೊಡಬೇಕಾದದ್ದು ನೆಟ್‌ವರ್ಕ್‌ನೊಳಗಿನ ಪಾಲನ್ನಷ್ಟೇ. ಆ ಹಣ ವಾರ್ಷಿಕ ಮಿತಿಯ ಲೆಕ್ಕಕ್ಕೂ ಸೇರುತ್ತದೆ. ಉಳಿದದ್ದನ್ನು ವೈದ್ಯರು ಮತ್ತು ವಿಮಾ ಕಂಪನಿ ತಮ್ಮೊಳಗೆ ಬಡಿದಾಡಿ ಬಗೆಹರಿಸಿಕೊಳ್ಳಬೇಕು.

ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು ಇರುತ್ತಾರೆಂಬುದು ಕಾನೂನು ಬರೆದವರಿಗೆ ಗೊತ್ತಿತ್ತು. ಆಪರೇಷನ್ ದಿನ ಕೈಗಿಡುವ ಹತ್ತಾರು ಫಾರಂಗಳ ನಡುವೆ ‘ಹೊರಗಿನ ದರಕ್ಕೆ ಒಪ್ಪಿದ್ದೇನೆ’ ಎಂಬುದೊಂದನ್ನು ಸೇರಿಸಿಬಿಟ್ಟರೆ? ಅದಕ್ಕೇ ಮೊದಲೇ ಗೊತ್ತುಮಾಡಿದ ಚಿಕಿತ್ಸೆಗೆ ಇಂಥ ಒಪ್ಪಿಗೆಯನ್ನು ಸಾಮಾನ್ಯವಾಗಿ 72 ಗಂಟೆ ಮುಂಚೆ, ಅಂದಾಜು ಮೊತ್ತ ತೋರಿಸಿ, ಬೇರೆಯೇ ಹಾಳೆಯಲ್ಲಿ ಪಡೆಯಬೇಕು. ತುರ್ತು ಚಿಕಿತ್ಸೆ, ಅರಿವಳಿಕೆ, ಪೆಥಾಲಜಿ, ರೇಡಿಯಾಲಜಿ, ನವಜಾತ ಶಿಶು ಆರೈಕೆಗೆ ಒಪ್ಪಿಗೆ ಕೇಳುವಂತೆಯೇ ಇಲ್ಲ. ಸಹಾಯಕ ಸರ್ಜನ್‌ಗಳೂ ಈ ಪಟ್ಟಿಯಲ್ಲಿದ್ದಾರೆ. 2013ರ ಆ ಕುತ್ತಿಗೆ ಆಪರೇಷನ್ ಇಂದು ನಡೆದಿದ್ದರೆ 1,17,000 ಡಾಲರ್ ಬಿಲ್ ರೋಗಿಯ ಮನೆಗೆ ಬರುವಂತಿರಲಿಲ್ಲ.

ಜಗಳ ನಿಂತಿಲ್ಲ, ಜಾಗ ಬದಲಾಗಿದೆ

ವೈದ್ಯರಿಗೂ ವಿಮಾ ಕಂಪನಿಗೂ 30 ಕೆಲಸದ ದಿನ ಮಾತುಕತೆಗೆ ಅವಕಾಶ. ಬಗೆಹರಿಯದಿದ್ದರೆ ಮಧ್ಯಸ್ಥಗಾರರ ಮುಂದೆ ಇಬ್ಬರೂ ಒಂದೊಂದು ಮೊತ್ತ ಇಡಬೇಕು. ಮಧ್ಯಸ್ಥರು ಎರಡರಲ್ಲಿ ಒಂದನ್ನು ಎತ್ತಿಕೊಳ್ಳಬೇಕು. ಅಲ್ಲಿಷ್ಟು ಇಳಿಸಿ ಇಲ್ಲಿಷ್ಟು ಏರಿಸುವ ಹಳ್ಳಿ ಪಂಚಾಯಿತಿಯ ಉಪಾಯಕ್ಕೆ ಜಾಗವಿಲ್ಲ. ಬೇಸ್‌ಬಾಲ್ ಆಟಗಾರರ ಸಂಬಳದ ತಕರಾರು ಬಿಡಿಸುವ ಕ್ರಮ ಇದು. ತೀರಾ ಹೆಚ್ಚು ಕೇಳಿದವರು ಸೋಲುತ್ತಾರಾದ್ದರಿಂದ ಇಬ್ಬರೂ ನ್ಯಾಯವಾದ ಮೊತ್ತಕ್ಕೆ ಬರುತ್ತಾರೆ ಎಂಬುದು ನಿರೀಕ್ಷೆ.

ನಿರೀಕ್ಷೆ ಹುಸಿಯಾಯಿತು. ವರ್ಷಕ್ಕೆ ಸುಮಾರು 22,000 ತಕರಾರು ಬರಬಹುದೆಂದು ಸರ್ಕಾರ ಅಂದಾಜಿಸಿತ್ತು. 2022ರ ಏಪ್ರಿಲ್‌ನಿಂದ 2023ರ ಜೂನ್‌ವರೆಗೆ ಬಂದದ್ದು ಸುಮಾರು 4,90,000. ತೀರ್ಪಾದವುಗಳಲ್ಲಿ ನಾಲ್ಕರಲ್ಲಿ ಮೂರಕ್ಕೂ ಹೆಚ್ಚು ವೈದ್ಯರ ಕಡೆಗೆ ಹೋಗುತ್ತಿವೆ. ನೆಟ್‌ವರ್ಕ್‌ನೊಳಗಿನ ಮಧ್ಯಮ ದರಕ್ಕೇ ಮಧ್ಯಸ್ಥರು ಹೆಚ್ಚು ತೂಕ ಕೊಡಬೇಕು ಎಂದು ಸರ್ಕಾರ ನಿಯಮ ಮಾಡಿದಾಗ ಟೆಕ್ಸಸ್ ವೈದ್ಯರ ಸಂಘ ಕೋರ್ಟಿಗೆ ಹೋಗಿ 2022ರ ಫೆಬ್ರುವರಿಯಲ್ಲಿ ಗೆದ್ದಿತು. ತಕರಾರು ದಾಖಲಿಸುವ ಶುಲ್ಕವನ್ನು 50 ಡಾಲರ್‌ನಿಂದ 350ಕ್ಕೆ ಏರಿಸಿದ್ದನ್ನೂ 2023ರಲ್ಲಿ ಕೋರ್ಟ್ ಹೊಡೆದುಹಾಕಿತು.

ಹಾಗಂತ ವೈದ್ಯರ ಕಂಪನಿಗಳೆಲ್ಲ ಗೆದ್ದು ಕುಳಿತಿಲ್ಲ. 2023ರ ಮೇ ತಿಂಗಳಲ್ಲಿ ಎನ್ವಿಷನ್ ದಿವಾಳಿ ಅರ್ಜಿ ಹಾಕಿತು. ಹಣ ಬರುವುದು ತಡವಾಗಲು ಈ ಕಾನೂನೂ ಕಾರಣ ಎಂದು ದೂರಿತು. ಕೆಕೆಆರ್ ಹಾಕಿದ ಬಂಡವಾಳ ಮುಳುಗಿತು.

ರೋಗಿ ಈ ಜಗಳದ ಅಂಗಳದಿಂದ ಹೊರಬಂದಿದ್ದಾನೆ, ನಿಜ. ಮಧ್ಯಸ್ಥಿಕೆಯಲ್ಲಿ ಗೆದ್ದ ಮೊತ್ತ ಮಾತ್ರ ಗಾಳಿಯಿಂದ ಬರುವುದಿಲ್ಲ. ಕಾನೂನು ಬಂದರೆ ಪ್ರೀಮಿಯಂ ಶೇ 0.5ರಿಂದ 1ರಷ್ಟು ಇಳಿಯಬಹುದೆಂದು ಸಂಸತ್ತಿನ ಬಜೆಟ್ ಕಚೇರಿ ಲೆಕ್ಕ ಹಾಕಿತ್ತು. ತೀರ್ಪುಗಳು ಈ ದಿಕ್ಕಿನಲ್ಲೇ ಸಾಗಿದರೆ ಆ ಇಳಿಕೆಯನ್ನು ನಂಬುವುದು ಕಷ್ಟ.

ಬೇಲಿಯ ಕಂಡಿಗಳು

ದೊಡ್ಡ ಕಂಡಿ ರಸ್ತೆಯಲ್ಲೇ ಇದೆ. ಆಕಾಶದ ಆಂಬುಲೆನ್ಸ್‌ಗೆ ರಕ್ಷಣೆ ಕೊಟ್ಟ ಕಾನೂನು, ನೆಲದ ಮೇಲೆ ಓಡುವ ಆಂಬುಲೆನ್ಸನ್ನು ಬಿಟ್ಟುಬಿಟ್ಟಿತು. ಅಮೆರಿಕದಲ್ಲಿ ಈ ವಾಹನಗಳನ್ನು ನಗರಸಭೆ, ಅಗ್ನಿಶಾಮಕ ದಳ, ಖಾಸಗಿ ಕಂಪನಿ, ಸ್ವಯಂಸೇವಕರು ಹೀಗೆ ಯಾರ‍್ಯಾರೋ ನಡೆಸುತ್ತಾರೆ. ಇವರ ದರಕ್ಕೆ ಒಂದು ಅಳತೆ ಸಿಗದೆ ವಿಷಯವನ್ನು ಸಲಹಾ ಸಮಿತಿಗೆ ವಹಿಸಿದರು. ಹೀಗಾಗಿ ಪ್ರಜ್ಞೆ ತಪ್ಪಿದವರನ್ನು ಎತ್ತಿಕೊಂಡು ಹೋದ ಗಾಡಿಯ ಬಿಲ್, ರಾಜ್ಯದ ಕಾನೂನು ತಡೆಯದ ಕಡೆ, ಇಂದಿಗೂ ರೋಗಿಗೇ ಬರಬಹುದು.

ಎರಡನೆಯದು ಕ್ಲಿನಿಕ್. ಕಾನೂನು ಹೇಳುವುದು ಆಸ್ಪತ್ರೆ ಮತ್ತು ಶಸ್ತ್ರಚಿಕಿತ್ಸಾ ಕೇಂದ್ರಗಳ ಬಗ್ಗೆ. ವೈದ್ಯರ ಖಾಸಗಿ ಕ್ಲಿನಿಕ್‌ನಿಂದ ಹೊರಗಿನ ಲ್ಯಾಬ್‌ಗೆ ಹೋದ ಮೂತ್ರದ ಬಟ್ಟಲಿಗೆ ಅದರ ರಕ್ಷಣೆ ಸಿಗದು. ವೈದ್ಯರ ಪಟ್ಟಿಯನ್ನು ಕಂಪನಿಗಳು 90 ದಿನಕ್ಕೊಮ್ಮೆ ಪರಿಶೀಲಿಸಬೇಕೆಂಬ ನಿಯಮವಿದೆ. ಆದರೂ ನಿವೃತ್ತರಾದವರ, ಊರು ಬಿಟ್ಟವರ ಹೆಸರು ಪಟ್ಟಿಗಳಲ್ಲಿ ಉಳಿದಿರುತ್ತವೆ ಎಂಬ ದೂರು, ಮುಖ್ಯವಾಗಿ ಮನೋವೈದ್ಯರ ವಿಷಯದಲ್ಲಿ, ನಿಂತಿಲ್ಲ.

ಮೂರನೆಯದು ಕನ್ನಡಿಗರ ಮನೆಗಳಿಗೇ ಬರುವಂಥದ್ದು. ಮಗಳ ಬಾಣಂತನಕ್ಕೆಂದೋ ಮೊಮ್ಮಗನ ಜೊತೆ ಬೇಸಿಗೆ ಕಳೆಯಲೆಂದೋ ಮೈಸೂರು, ಹುಬ್ಬಳ್ಳಿ, ಬೆಂಗಳೂರಿನಿಂದ ಹೊರಡುವ ಅಪ್ಪ ಅಮ್ಮಂದಿರು ಪ್ರವಾಸಿ ವಿಮೆ ಮಾಡಿಸಿಕೊಂಡಿರುತ್ತಾರೆ. ಆ ವಿಮೆಗಳಿಗೆ ನೋ ಸರ್‌ಪ್ರೈಸಸ್ ಕಾನೂನು ಅನ್ವಯಿಸುವುದಿಲ್ಲ. ಅಗ್ಗದವು ಸಾಮಾನ್ಯವಾಗಿ ‘ಫಿಕ್ಸೆಡ್ ಬೆನಿಫಿಟ್’ ಪಾಲಿಸಿಗಳು: ಎಮರ್ಜೆನ್ಸಿ ಭೇಟಿಗೆ ಇಷ್ಟು, ಹಾಸಿಗೆಗೆ ದಿನಕ್ಕೆ ಇಷ್ಟು ಎಂದು ಪಟ್ಟಿ ಇರುತ್ತದೆ. ಬಿಲ್ ಅದರ ಹತ್ತು ಪಟ್ಟು ಬಂದರೂ ಕಂಪನಿ ಕೊಡುವುದು ಪಟ್ಟಿಯಲ್ಲಿದ್ದಷ್ಟನ್ನೇ. ‘ಕಾಂಪ್ರೆಹೆನ್ಸಿವ್’ ಪಾಲಿಸಿ ದುಬಾರಿ. ಡಿಡಕ್ಟಬಲ್ (ಮೊದಲು ನಾವೇ ಕೈಯಿಂದ ಕಟ್ಟಬೇಕಾದ ಮೊತ್ತ) ಕಳೆದ ನಂತರ ಬಿಲ್ಲಿನ ಬಹುಪಾಲನ್ನು ಭರಿಸುತ್ತದೆ, ಕೆಲವಕ್ಕೆ ಪಿಪಿಒ ನೆಟ್‌ವರ್ಕ್ ಕೂಡ ಇರುತ್ತದೆ. ಮೊದಲೇ ಇದ್ದ ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆಗೆ ಎರಡರಲ್ಲೂ ಷರತ್ತುಗಳ ಸಾಲೇ ಇರುತ್ತದೆ.

ಬಾಕ್ಸ್
ನಮ್ಮಲ್ಲಿ ಹೇಗೆ?
ಭಾರತದಲ್ಲಿ ವೈದ್ಯರ ಶುಲ್ಕ ಸಾಮಾನ್ಯವಾಗಿ ಆಸ್ಪತ್ರೆಯ ಒಂದೇ ಬಿಲ್ಲಿನಲ್ಲಿ ಸೇರಿರುತ್ತದೆ. ನೆಟ್‌ವರ್ಕ್ ಹೊರಗಿನ ಆಸ್ಪತ್ರೆಯಾದರೆ ಮೊದಲು ಕೈಯಿಂದ ಕಟ್ಟಿ ಆಮೇಲೆ ಕ್ಲೇಮ್ ಮಾಡುವುದೇ ವಾಡಿಕೆಯಾಗಿತ್ತು. 2024ರ ಜನವರಿಯಲ್ಲಿ ಜನರಲ್ ಇನ್ಶೂರೆನ್ಸ್ ಕೌನ್ಸಿಲ್, ಅಂಥ ಆಸ್ಪತ್ರೆಗಳಲ್ಲೂ ಕೈಯಿಂದ ಕಟ್ಟದೆ ಚಿಕಿತ್ಸೆ ಪಡೆಯಲು ‘ಕ್ಯಾಶ್‌ಲೆಸ್ ಎವೆರಿವೇರ್’ ಘೋಷಿಸಿತು: ಮೊದಲೇ ಗೊತ್ತುಮಾಡಿದ ಚಿಕಿತ್ಸೆಗೆ 48 ಗಂಟೆ ಮುಂಚೆ, ತುರ್ತಿನಲ್ಲಿ ದಾಖಲಾದ 48 ಗಂಟೆಯೊಳಗೆ ವಿಮಾ ಕಂಪನಿಗೆ ತಿಳಿಸಬೇಕು. ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯಲ್ಲಿ, ಡಿಸ್ಚಾರ್ಜ್ ಒಪ್ಪಿಗೆಗೆ ಮೂರು ಗಂಟೆಯಲ್ಲಿ ಉತ್ತರ ಕೊಡಬೇಕೆಂಬುದು ಅದೇ ವರ್ಷ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಹೊರಡಿಸಿದ ಸುತ್ತೋಲೆ. ಇಲ್ಲಿ ಜೇಬು ಕಚ್ಚುವುದು ಹೆಚ್ಚಾಗಿ ರೂಮ್ ಬಾಡಿಗೆ: ಪಾಲಿಸಿಯ ಮಿತಿ ಮೀರಿದ ರೂಮ್ ಹಿಡಿದರೆ ಹಲವು ಪಾಲಿಸಿಗಳಲ್ಲಿ ಬೇರೆ ಖರ್ಚುಗಳಿಗೂ ಅದೇ ಪ್ರಮಾಣದಲ್ಲಿ ಕತ್ತರಿ ಬೀಳುತ್ತದೆ.

ಅಮೆರಿಕದಲ್ಲಿ ವಿಮೆ ಭರಿಸದ ಬಿಲ್ ಕೈಗೆ ಬಂದ ಪ್ರವಾಸಿಗಳಿಗೆ ಎರಡು ದಾರಿ ಉಳಿದಿರುತ್ತವೆ. ಒಂದು, ಪ್ರತಿ ಸೂಜಿ, ಪ್ರತಿ ಪರೀಕ್ಷೆಯ ದರ ಬಿಡಿಬಿಡಿಯಾಗಿ ಬರೆದ ಬಿಲ್ ಕೇಳಿ ಪಡೆದು ಚೌಕಾಸಿಗೆ ಕೂರುವುದು. ಇನ್ನೊಂದು, ಆಸ್ಪತ್ರೆಯ ನೆರವು ಯೋಜನೆ. ತೆರಿಗೆ ವಿನಾಯಿತಿ ಪಡೆಯುವ ಲಾಭರಹಿತ ಆಸ್ಪತ್ರೆಗಳು ಬಡ ರೋಗಿಗಳಿಗೆ ರಿಯಾಯಿತಿ ಕೊಡುವ ಲಿಖಿತ ನೀತಿ ಇಟ್ಟುಕೊಂಡು ಅದನ್ನು ಪ್ರಕಟಿಸಿರಬೇಕೆಂಬುದು 2010ರ ಕಾನೂನು. ನೆರವು ಯಾರಿಗೆ, ಎಷ್ಟು ಎಂಬುದನ್ನು ಆಯಾ ಆಸ್ಪತ್ರೆಯೇ ನಿರ್ಧರಿಸುತ್ತದೆ. ಅರ್ಜಿ ಹಾಕಲು ಮೊದಲ ಬಿಲ್ ಬಂದ ದಿನದಿಂದ ಕನಿಷ್ಠ 240 ದಿನಗಳ ಅವಕಾಶ ಇರುತ್ತದೆ.